ಹದಿನೇಳನೆಯ ಸಾಲು

ಮೂರು ದಿನ ಬೈದೆ ನಾನು
ಫೋನ್ ಕಂಪನಿಯನ್ನು, ಅದರ ಗೋಪುರವನ್ನು,
ಕಿಂಚಾವೊ ದ್ವೀಪದ ಗುಡ್ಡದ ನೆತ್ತಿಯಲ್ಲಿ
ಸೊಂಟದ ತನಕ ಮಂಜು ಹೊದ್ದು
ಕೆಂಪು ಕಣ್ಣು ಮಿಟುಕಿಸುವ ಸೋಮಾರಿಯನ್ನು.

"ಕಡಲು ಕೆಂಪಾಗಿದೆ. ಚಿಪ್ಪು ಮುಟ್ಟಬೇಡಿ."
ಪ್ರಯೋಗಾಲಯ ಕಳಿಸಿದ್ದು ಇಷ್ಟೇ.
ನಮ್ಮ ಸಹಕಾರ ಸಂಘದ ಕಂಪ್ಯೂಟರಿನಿಂದ
ಇನ್ನೂರ ಹನ್ನೊಂದು ಜೇಬುಗಳಿಗೆ ಹೋಗಬೇಕಿತ್ತು.
ಹೋಗಲಿಲ್ಲ.
ಬೆಲಾರ್ಮಿನೊ ಎಂದಿನಂತೆ ಮುಳುಗಿ ಎದ್ದ, ಮುಳುಗಿ ಎದ್ದ.
ನಲವತ್ತು ಚೀಲ. ದಕ್ಕೆಯಲ್ಲಿ ಅಧಿಕಾರಿಗಳು ತಡೆದು
ಸುಣ್ಣ ಸುರಿದು ಹೂಳಿಸಿದರು.
ಅಷ್ಟರಲ್ಲಿ ಅವನ ಹೆಂಡತಿ ಒತೀಲಿಯಾ
ರುಚಿ ನೋಡಲೆಂದು ಒಂದೇ ಒಂದು ತಿಂದಿದ್ದಳು.
ತುಟಿ ಜುಮ್ಮೆಂದು, ನಾಲಗೆ ಮರಗಟ್ಟಿ,
ಕಾಸ್ತ್ರೊ ಆಸ್ಪತ್ರೆಯಲ್ಲಿ ಎರಡು ರಾತ್ರಿ.
ಬದುಕಿದಳು. ಬದುಕಿದಳು ಎಂದು ಎರಡು ಸಲ ಬರೆಯುತ್ತೇನೆ.

ಸಹಾಯವಾಣಿಯಲ್ಲಿ ಯಾಸ್ನಾ ಎಂಬ ಹುಡುಗಿ.
"ಮೇಡಂ, ನಿಮ್ಮ ಕಡೆಯಿಂದ ನಮಗೆ ಏನೂ ಬಂದೇ ಇಲ್ಲ.
ದಯವಿಟ್ಟು ಒಮ್ಮೆ ನಿಮ್ಮಲ್ಲಿ ನೋಡುತ್ತೀರಾ?"
ನಾನು ನೋಡುವುದೆ? ಹದಿನಾಲ್ಕು ವರ್ಷದಿಂದ ನೋಡುತ್ತಿರುವವಳು?
"ನಿನ್ನ ಸಂಬಳ ಯಾರ ಬಿಲ್ಲಿನಿಂದ, ಗೊತ್ತೇನೆ?" ಅಂದೆ.
ಒಂದು ಉಸಿರು ಕೇಳಿಸಿತು. ಆಮೇಲೆ ಕೀಲಿಗಳ ಟಕಟಕ.
ಆಮೇಲೆ ದೂರಿನ ಸಂಖ್ಯೆ.
ಅದನ್ನು ಸಂಘದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ,
ದೊಡ್ಡದಾಗಿ. ಬಂದವರೆಲ್ಲ ಓದಿ
ತಮ್ಮ ತಮ್ಮ ಹಳೆಯ ಬಿಲ್ಲುಗಳ ಕತೆ ತೆಗೆದರು.
ಬೈಗುಳದ ಒಲೆಗೆ ಸೌದೆ ಹೊರುವವರಿಗೆ ಬರವಿಲ್ಲ.

ಮೂರನೆಯ ರಾತ್ರಿ, ಕಂಪನಿಗೆ ಬರೆಯುವ ಪತ್ರಕ್ಕೆ
ಸಾಕ್ಷಿ ಲಗತ್ತಿಸೋಣವೆಂದು ಕಡತ ತೆರೆದೆ.
ಹದಿನೇಳನೆಯ ಸಾಲು.
ಅದರ ಮುಂದೆ, ಬೇಲಿಯ ಮುರುಕಿನಂಥ ಪುಟ್ಟ ಗುರುತು.
ಇದಿದ್ದರೆ ಯಂತ್ರ ಆ ಸಾಲನ್ನು ಓದುವುದಿಲ್ಲ,
ಸಾಲ ಕೊಟ್ಟವನನ್ನು ಕಂಡಂತೆ
ಮುಖ ತಿರುಗಿಸಿ ದಾಟಿಹೋಗುತ್ತದೆ.
ಪಕ್ಕದಲ್ಲಿ ನನ್ನದೇ ಬರಹ:
"ಪರೀಕ್ಷೆಗೆ ಮಾತ್ರ. ಸೋಮವಾರ ತೆಗೆಯುವುದು. ಎ. ಬಾ."
ಯಾವ ಸೋಮವಾರ?
ಆವತ್ತು ಆಲೂಗಡ್ಡೆ ಅಗೆಯುತ್ತಿದ್ದೆನೋ,
ತಂಗಿಯ ಜೊತೆ ಮಾತಿಗೆ ಕೂತಿದ್ದೆನೋ.

ನೆಲ ಡೊಂಕಿರಲಿಲ್ಲ.

ಅಳಿಸಿದೆ. ಒಂದು ಕೀಲಿ, ಒಂದು ಬೆರಳು.
ಕಟ್ಟೆ ಒಡೆದಂತೆ, ಸಿಕ್ಕಿಬಿದ್ದಿದ್ದ ಮೂರು ದಿನದ ಮಾತು
ರಾತ್ರಿ ಎರಡು ಗಂಟೆಗೆ ಹೊರಟಿತು.
ಗುಡ್ಡದ ಇಳಿಜಾರಿನಲ್ಲಿ ಒಂದೊಂದೇ ಕಿಟಕಿ ಬೆಳಗಿತು.
ಒತೀಲಿಯಾಳ ತಲೆದಿಂಬಿನ ಪಕ್ಕದಲ್ಲೂ ಗುಂಯ್‌ಗುಟ್ಟಿರಬೇಕು:
ಚಿಪ್ಪು ಮುಟ್ಟಬೇಡಿ.

ಬೆಳಿಗ್ಗೆ ಜನ ನಗುತ್ತ ಬಂದರು.
"ನೋಡಿದೆಯಾ, ನಿನ್ನ ಬಾಯಿಗೆ ಕಂಪನಿಯೇ ಬೆದರಿತು!"
ಯಾರೋ ಬಿಸಿ ರೊಟ್ಟಿ ತಂದಿದ್ದರು.
ಒಂದು ತುಂಡು ತಿಂದೂಬಿಟ್ಟೆ.
ಗೋಪುರಕ್ಕೆ ಬಾಯಿಲ್ಲ. ಹೋದ ಚಳಿಗಾಲದಲ್ಲಿ
ಒಂಬತ್ತು ದಿನ ನಿಜವಾಗಿಯೂ ಸತ್ತುಬಿದ್ದಿತ್ತು ಅದು;
ಅದರ ಲೆಕ್ಕಕ್ಕೆ ಇದೂ ಒಂದು ಸೇರಿದರೆ ಏನು?
ಎರಡನೆಯ ತುಂಡು ಗಂಟಲಲ್ಲಿ ಇಳಿಯಲಿಲ್ಲ.

ಬಾಗಿಲ ಸಂಖ್ಯೆಯನ್ನು ತೋಳಿನಿಂದ ಒರೆಸಿ
ಬೆಲಾರ್ಮಿನೊನ ಅಂಗಳಕ್ಕೆ ಹೋದೆ.
ಗಾಳಿಕೊಳವೆಗೆ ತೇಪೆ ಹಾಕುತ್ತಿದ್ದ. ಹೇಳಿದೆ.
ಅವನು ತಲೆಯೆತ್ತಲಿಲ್ಲ.
"ನಲವತ್ತು ಚೀಲ" ಅಂದ. "ಅದನ್ನು ಎಷ್ಟನೆಯ ಸಾಲಿನಲ್ಲಿ ಬರೆಯುತ್ತೀ?"
ಒಳಗಿನಿಂದ ಒತೀಲಿಯಾ ಕೆಮ್ಮಿದಳು.
ಕೂರು ಎನ್ನಲಿಲ್ಲ ಯಾರೂ. ನಿಂತೇ ಇದ್ದೆ.

ಸಂಜೆ ಸಹಾಯವಾಣಿಗೆ ಫೋನ್. ಮುಕ್ಕಾಲು ಗಂಟೆ ಸಂಗೀತ.
ಯಾಸ್ನಾ ರಜೆಯಲ್ಲಿದ್ದಾಳಂತೆ. ಬೇರೊಬ್ಬ ಹುಡುಗ.
ಆ ದೂರು ಮುಚ್ಚಿ, ಕಾರಣದಲ್ಲಿ ತಪ್ಪು ನನ್ನದೆಂದು ಬರೆಯಿರಿ, ಎಂದೆ.
ತಡಕಾಡಿದ. "ಮೇಡಂ, ಪಟ್ಟಿಯಲ್ಲಿ ಹಾಗೊಂದು ಆಯ್ಕೆ ಇಲ್ಲ."
"ಹಾಗಾದರೆ 'ಇತರೆ' ಹಾಕಿ. ಮುಂದೆ ಹೆಸರು ಬರೆದುಕೊಳ್ಳಿ,
ಯಾಸ್ನಾಳಿಗೂ ಕಾಣುವ ಹಾಗೆ."
ಎರ್ಮೆಲಿಂಡಾ ಬಾರ್ರಿಯಾ.
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ,
ಅವನು ತಪ್ಪು ಬರೆಯದಂತೆ.